ತಪ್ಪು ಚಾಲಕನದು, ಹಸಿವು ಮಕ್ಕಳದು

ಬೆಳಗಿನ ಜಾವ ಮೈಸೂರಿನ ಬಂಡಿಪಾಳ್ಯದ ಎಪಿಎಂಸಿ ಮಾರುಕಟ್ಟೆಯ ಮುಂದೆ ನಿಂತವರಿಗೆ ಒಂದು ಸತ್ಯ ತಾನಾಗಿಯೇ ಮನವರಿಕೆಯಾಗುತ್ತದೆ. ಈ ನಗರದ ಊಟದ ತಟ್ಟೆಗೆ ಬೀಳುವ ತರಕಾರಿಯಲ್ಲಿ ಬಹುಪಾಲನ್ನು ಹೊತ್ತು ತರುವುದು ಸಣ್ಣ ಗೂಡ್ಸ್ ಗಾಡಿಗಳು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ನಂಜನಗೂಡು, ತಿ. ನರಸೀಪುರಗಳ ಹಳ್ಳಿಗಳಿಂದ ನಡುರಾತ್ರಿಯೇ ಹೊರಟು ಬರುವ ಈ ಗಾಡಿಗಳ ಚಾಲಕರಲ್ಲಿ ಹೆಚ್ಚಿನವರಿಗೆ ಹೊಲವಿಲ್ಲ, ಅಂಗಡಿಯಿಲ್ಲ, ಸಂಬಳದ ಚೀಟಿಯಿಲ್ಲ. ಅವರ ಆಸ್ತಿಯೆಂದರೆ ಕಂತು ತೀರದ ಒಂದು ಗಾಡಿ ಮತ್ತು ಜೇಬಿನಲ್ಲಿರುವ ಒಂದು ಚಾಲನಾ ಪರವಾನಗಿ.

ಅಂಥ ಪರಿಚಿತ ಚಾಲಕರೊಬ್ಬರು ಕೆಲವು ವಾರ ಕಾಣಿಸಲಿಲ್ಲ. ಕೊನೆಗೆ ಉದಯಗಿರಿಯ ಚಹಾದ ಅಂಗಡಿಯೊಂದರಲ್ಲಿ ಸಿಕ್ಕಿದರು. ಸಂಬಂಧಿಕರ ಮದುವೆಗೆಂದು ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಹೊರಟವರನ್ನು ಸಂಚಾರ ಪೊಲೀಸರು ತಡೆದು ಲೈಸೆನ್ಸ್ ವಶಪಡಿಸಿಕೊಂಡಿದ್ದರು. ಜೇಬಿನಿಂದ ಮಡಿಚಿದ ಸ್ವೀಕೃತಿ ಚೀಟಿಯೊಂದನ್ನು ತೆಗೆದು ತೋರಿಸಿ ಅವರು ಹೇಳಿದರು: ‘ತಪ್ಪು ನನ್ನದೇ ಭಾಯ್, ಇಲ್ಲ ಅನ್ನಲ್ಲ. ಆದರೆ ಬೈಕಿನಲ್ಲಿ ಮಾಡಿದ ತಪ್ಪಿಗೆ ಗೂಡ್ಸ್ ಗಾಡಿಯೂ ನಿಂತುಹೋಯಿತಲ್ಲ. ಕಂತು ಯಾರು ಕಟ್ಟೋದು? ಮಕ್ಕಳ ಫೀಸು ಯಾರು ಕೊಡೋದು?’

ಈ ಪ್ರಶ್ನೆಯನ್ನು ತಪ್ಪಿತಸ್ಥನ ಗೋಳೆಂದು ತಳ್ಳಿಹಾಕುವುದು ಸುಲಭ. ಆದರೆ ನ್ಯಾಯದ ಬಗ್ಗೆ ಕಾಳಜಿಯುಳ್ಳವರು ಹಾಗೆ ತಳ್ಳಿಹಾಕಬಾರದು. ಏಕೆಂದರೆ ಇದು ಶಿಕ್ಷೆ ಬೇಕೇ ಬೇಡವೇ ಎಂಬ ಪ್ರಶ್ನೆಯಲ್ಲ. ಶಿಕ್ಷೆ ಯಾರ ಮೇಲೆ ಬೀಳಬೇಕು, ಎಷ್ಟು ದೂರ ಚಾಚಬೇಕು ಎಂಬ ಪ್ರಶ್ನೆ.

ಮೊದಲಿಗೆ ಕಾನೂನಿನ ಬಿಗಿ ಯಾಕಾಗಿ ಬಂತೆಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳೋಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಸಣ್ಣದೊಂದು ಪಟ್ಟಣದ ಇಡೀ ಜನಸಂಖ್ಯೆ ಅಳಿಸಿಹೋದಂತೆ. ಇವರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರೇ 50,029 ಮಂದಿ. ಆ ಪೈಕಿ 14,337 ಮಂದಿ ಹಿಂದೆ ಕುಳಿತವರು. ಹಿಂದೆ ಕುಳಿತವರೆಂದರೆ ಯಾರು? ಪತ್ನಿ, ತಾಯಿ, ತಂಗಿ, ಮಗ. ಸುಪ್ರೀಂ ಕೋರ್ಟಿಗೆ ಈ ವಿಷಯವನ್ನು ಕೊಂಡೊಯ್ದವರು ಕೊಯಮತ್ತೂರಿನ ಮೂಳೆ ಶಸ್ತ್ರವೈದ್ಯರಾದ ಡಾ. ಎಸ್. ರಾಜಶೇಖರನ್. ಅವರ ಅರ್ಜಿಯ ಮೇರೆಗೆ 2014ರಲ್ಲಿ ನ್ಯಾಯಾಲಯವು ರಸ್ತೆ ಸುರಕ್ಷತೆಗಾಗಿ ಸಮಿತಿಯೊಂದನ್ನು ನೇಮಿಸಿತು. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ನೇತೃತ್ವದ ಆ ಸಮಿತಿಯು 2015ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಕಟ್ಟುನಿಟ್ಟಿನ ಸೂಚನೆ ನೀಡಿತು. ಅತಿವೇಗ, ಕೆಂಪು ದೀಪ ದಾಟುವುದು, ಸರಕು ವಾಹನದಲ್ಲಿ ಮಿತಿಮೀರಿದ ಭಾರ ಅಥವಾ ಜನರನ್ನು ಸಾಗಿಸುವುದು, ಕುಡಿದು ಓಡಿಸುವುದು, ಓಡಿಸುತ್ತಾ ಮೊಬೈಲ್ ಬಳಸುವುದು, ಇವುಗಳಿಗೆ ಕನಿಷ್ಠ ಮೂರು ತಿಂಗಳು ಪರವಾನಗಿಯನ್ನು ಅಮಾನತಿನಲ್ಲಿಡಬೇಕೆಂದಿತು. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯು ಈ ಬಿಗಿಯನ್ನು ಮೋಟಾರು ವಾಹನ ಕಾಯ್ದೆಯೊಳಗೇ ಬರೆಯಿತು. ಹೆಲ್ಮೆಟ್ ಇಲ್ಲದಿದ್ದರೆ ಅಥವಾ ಬೈಕಿನಲ್ಲಿ ಮೂವರು ಕುಳಿತರೆ ದಂಡದ ಜೊತೆಗೆ ಮೂರು ತಿಂಗಳ ಅನರ್ಹತೆ.

ಆದ್ದರಿಂದ ಈ ಕಾನೂನು ಬಡವರನ್ನು ಹಿಂಸಿಸಲಿಕ್ಕೆಂದು ಹುಟ್ಟಿದ್ದಲ್ಲ. ರಸ್ತೆಯಲ್ಲಿ ಸಾಯುವವರಲ್ಲಿ ಬಡವರೇ ಹೆಚ್ಚು. ಬೈಕಿನವರು, ಸೈಕಲಿನವರು, ಬರಿಗಾಲಿನಲ್ಲಿ ರಸ್ತೆ ದಾಟುವವರು. ಕಾಯ್ದೆಯ ಉದ್ದೇಶ ಸರಿಯಾಗಿದೆ. ಎಡವಟ್ಟು ಇರುವುದು ಅದು ಜಾರಿಯಾಗುವ ದಾರಿಯಲ್ಲಿ.

ಆ ದಾರಿಯನ್ನು ಒಮ್ಮೆ ಗಮನಿಸಿ. ಕಾಯ್ದೆಯ 206ನೇ ಕಲಮಿನ ನಾಲ್ಕನೇ ಉಪಕಲಂ ಪ್ರಕಾರ ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ಹೆಲ್ಮೆಟ್ ಇಲ್ಲದಿರುವುದು, ಮೂವರು ಸವಾರಿ, ಆಂಬುಲೆನ್ಸಿಗೆ ದಾರಿ ಬಿಡದಿರುವುದು ಮುಂತಾದ ಪ್ರಕರಣಗಳಲ್ಲಿ ಪೊಲೀಸರು ಪರವಾನಗಿಯನ್ನು ವಶಪಡಿಸಿಕೊಂಡು ಆರ್.ಟಿ.ಓ.ಗೆ ಕಳುಹಿಸಬೇಕು. ಚಾಲಕನಿಗೆ ಒಂದು ತಾತ್ಕಾಲಿಕ ಸ್ವೀಕೃತಿ ಚೀಟಿ ಕೊಡಬೇಕು. ಬೇರೆ ಕಾರಣಗಳಿಗಾಗಿ ಪರವಾನಗಿ ವಶಪಡಿಸಿಕೊಂಡಾಗ ಕೊಡುವ ಚೀಟಿಯನ್ನು ಹಿಡಿದು ನಿಗದಿತ ದಿನದವರೆಗೆ ವಾಹನ ಓಡಿಸಬಹುದು. ಆದರೆ ಈ ನಾಲ್ಕನೇ ಉಪಕಲಮಿನ ಚೀಟಿಗೆ ಆ ಬಲವಿಲ್ಲ. ಪರವಾನಗಿ ಕೈಗೆ ಮರಳುವವರೆಗೆ ಓಡಿಸಕೂಡದೆಂದು ಕಾಯ್ದೆಯೇ ಸ್ಪಷ್ಟವಾಗಿ ಹೇಳಿದೆ. ಎರಡು ಚೀಟಿಗಳೂ ನೋಡಲಿಕ್ಕೆ ಒಂದೇ ತರದ ಕಾಗದ. ಎಷ್ಟು ಚಾಲಕರಿಗೆ ಈ ವ್ಯತ್ಯಾಸವನ್ನು ಯಾರಾದರೂ ತಿಳಿಸಿ ಹೇಳಿದ್ದಾರೆ?

ಇನ್ನೂ ಮುಖ್ಯವಾದ ಮಾತೊಂದಿದೆ. ಅನರ್ಹಗೊಳಿಸುವ ಅಧಿಕಾರ ಪೊಲೀಸರಿಗಿಲ್ಲ. ಅದು ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ಆರ್.ಟಿ.ಓ.ಗೆ ಸೇರಿದ್ದು. 19ನೇ ಕಲಂ ಪ್ರಕಾರ ಚಾಲಕನ ಅಹವಾಲನ್ನು ಆಲಿಸಿದ ಬಳಿಕವೇ ಅವರು ಆದೇಶ ಹೊರಡಿಸಬೇಕು, ಆ ಆದೇಶದಲ್ಲಿ ಕಾರಣಗಳನ್ನು ವಿವರವಾಗಿ ಬರೆಯಬೇಕು. ಆದರೆ ಪರವಾನಗಿ ಜೇಬಿನಿಂದ ಹೋದ ದಿನದಿಂದಲೇ ಗಾಡಿ ನಿಂತಿರುತ್ತದೆ. ಅಹವಾಲು ಆಲಿಸುವ ದಿನ ಎಂದೋ ಬರುತ್ತದೆ. ಹೀಗೆ ತೀರ್ಪಿಗೆ ಮುಂಚೆಯೇ ಶಿಕ್ಷೆ ಶುರುವಾಗಿರುತ್ತದೆ. ತಿಂಗಳ ಸಂಬಳ ಪಡೆಯುವವನಿಗೆ ಇದೊಂದು ಕಿರಿಕಿರಿ. ದಿನದ ಬಾಡಿಗೆಯಿಂದ ದಿನದ ಅಕ್ಕಿ ಕೊಳ್ಳುವವನಿಗೆ ಇದು ಅನ್ನದ ಪ್ರಶ್ನೆ.

ಹಳ್ಳಿಯವರ ಪಾಡು ಇನ್ನೂ ಕಷ್ಟದ್ದು. ನಗರದ ಆಟೋ ಚಾಲಕನು ನಡೆದೇ ಆರ್.ಟಿ.ಓ. ಕಚೇರಿಗೆ ಹೋಗಿಬರಬಹುದು. ಅಂತರಸಂತೆಯ ಆಚೆಯ ಹಳ್ಳಿಯವನಿಗೆ ಹುಣಸೂರಾಗಲಿ ಮೈಸೂರಾಗಲಿ ಒಂದು ದಿನದ ಪ್ರಯಾಣ. ಹೋದ ದಿನ ಸಾಹೇಬರು ಸಭೆಯಲ್ಲಿದ್ದರೆ ಮತ್ತೊಂದು ದಿನ ಹೋಯಿತು. ನಗರದಲ್ಲಿ ಪರವಾನಗಿ ಇಲ್ಲದವನು ಮೂರು ತಿಂಗಳು ಗ್ಯಾರೇಜಿನಲ್ಲೋ ಮಂಡಿಯಲ್ಲೋ ಕೆಲಸ ಹುಡುಕಿಕೊಳ್ಳಬಹುದು. ಹಳ್ಳಿಯಲ್ಲಿ ಆ ಅವಕಾಶವೂ ಕಡಿಮೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರ ಬಸ್ ಪ್ರಯಾಣದ ಖರ್ಚು ಉಳಿಯಿತು, ಅದು ಸ್ವಾಗತಾರ್ಹ. ಆದರೆ ಇಪ್ಪತ್ತು ಕ್ರೇಟು ಟೊಮೆಟೊವನ್ನು ಯಾವ ಬಸ್ಸಿನಲ್ಲಿ ಹೇರಿ ಬಂಡಿಪಾಳ್ಯಕ್ಕೆ ತರುವುದು? ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಇಡೀ ಹಳ್ಳಿ ತಟ್ಟುವುದು ಆ ಗಾಡಿಯವನ ಬಾಗಿಲನ್ನೇ. ಹಾಗಾಗಿ ಹಳ್ಳಿಯ ಚಾಲಕನೊಬ್ಬನ ಪರವಾನಗಿ ನಿಂತರೆ ಅದರ ಬಿಸಿ ಅವನ ಮನೆಗಷ್ಟೇ ಅಲ್ಲ, ನೆರೆಹೊರೆಗೂ ತಟ್ಟುತ್ತದೆ.

ಜಗತ್ತಿನ ಇತರ ದೇಶಗಳು ಈ ಸಮಸ್ಯೆಯನ್ನು ಹೇಗೆ ನಿಭಾಯಿಸಿವೆ? ನ್ಯೂಜಿಲೆಂಡಿನಲ್ಲಿ ಅನರ್ಹಗೊಂಡ ಚಾಲಕನು ಜಿಲ್ಲಾ ನ್ಯಾಯಾಲಯಕ್ಕೆ ‘ಸೀಮಿತ ಪರವಾನಗಿ’ಗಾಗಿ ಅರ್ಜಿ ಸಲ್ಲಿಸಬಹುದು. ತನಗೆ ತೀವ್ರ ಸಂಕಷ್ಟವಾಗುತ್ತದೆಂದೋ ತನ್ನನ್ನು ಅವಲಂಬಿಸಿದವರಿಗೆ ಅನುಚಿತವಾದ ತೊಂದರೆಯಾಗುತ್ತದೆಂದೋ ಆತ ಸಾಬೀತುಪಡಿಸಬೇಕು. ನ್ಯಾಯಾಲಯಕ್ಕೆ ಒಪ್ಪಿಗೆಯಾದರೆ ಇಂಥ ವಾಹನ, ಇಂಥ ಗಂಟೆ, ಇಂಥ ಕೆಲಸ ಎಂಬ ಷರತ್ತುಗಳೊಂದಿಗೆ ಓಡಿಸಲು ಬಿಡುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ‘ಕೆಲಸದ ಪರವಾನಗಿ’ ಎಂಬುದಿದೆ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ ‘ಅಸಾಧಾರಣ ಪರವಾನಗಿ’ ಎಂಬುದಿದೆ. ಊರಿನಿಂದ ಊರಿಗೆ ನೂರಾರು ಕಿಲೋಮೀಟರ್ ದೂರವಿರುವ ಆ ನಾಡುಗಳಲ್ಲಿ ವಾಹನವಿಲ್ಲದವನ ಬದುಕು ಏನಾಗುತ್ತದೆಂಬುದು ಕಾನೂನು ಮಾಡುವವರಿಗೆ ಗೊತ್ತಿತ್ತು. ಆದರೆ ಇದು ಕೇಳಿದವರಿಗೆಲ್ಲ ಕೊಡುವ ಮಾಫಿಯಲ್ಲ. ಕ್ವೀನ್ಸ್‌ಲೆಂಡಿನಲ್ಲಿ ವಿಪರೀತ ಕುಡಿದು ಸಿಕ್ಕಿಬಿದ್ದವನಿಗೆ ಆ ಬಾಗಿಲು ಮುಚ್ಚಿದೆ. ಷರತ್ತು ಮೀರಿದವನಿಗೆ ಮತ್ತಷ್ಟು ಕಠಿಣ ಶಿಕ್ಷೆ ಕಾದಿರುತ್ತದೆ.

ನಮ್ಮ ಕಾಯ್ದೆಯಲ್ಲಿ ಈ ಹೆಸರಿನ ಪರವಾನಗಿ ಇಲ್ಲ. ಆದರೆ ಕಾಯ್ದೆಯನ್ನು ಗಮನವಿಟ್ಟು ಓದಿದವರಿಗೆ ಒಂದು ಸಣ್ಣ ಕಿಟಕಿ ಕಾಣಿಸುತ್ತದೆ. 19ನೇ ಕಲಂ ಪ್ರಾಧಿಕಾರಕ್ಕೆ ಕೊಟ್ಟಿರುವ ಅಧಿಕಾರವೇನು? ಪರವಾನಗಿಯಲ್ಲಿ ನಮೂದಾಗಿರುವ ‘ಎಲ್ಲ ಅಥವಾ ಯಾವುದೇ ವರ್ಗದ’ ವಾಹನಗಳಿಂದ ಚಾಲಕನನ್ನು ಅನರ್ಹಗೊಳಿಸುವುದು. ಪೊಲೀಸರು ವಶಪಡಿಸಿಕೊಂಡು ಕಳುಹಿಸಿದ ಪ್ರಕರಣಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನ್ಯಾಯಾಲಯ ಅನರ್ಹಗೊಳಿಸುವ 20ನೇ ಕಲಮಿನಲ್ಲಿಯೂ ‘ನಿರ್ದಿಷ್ಟ ವರ್ಗದ’ ವಾಹನ ಎಂಬ ಮಾತಿದೆ. ನಮ್ಮ ಒಂದೇ ಕಾರ್ಡಿನಲ್ಲಿ ದ್ವಿಚಕ್ರ ವಾಹನ, ಲಘು ಮೋಟಾರು ವಾಹನ, ಸಾರಿಗೆ ವಾಹನ ಎಂಬ ವರ್ಗಗಳು ಬೇರೆ ಬೇರೆಯಾಗಿ ಮುದ್ರಿತವಾಗಿರುತ್ತವೆ. ಅಂದಮೇಲೆ ಬೈಕಿನಲ್ಲಿ ಹೆಲ್ಮೆಟ್ ಧರಿಸದವನನ್ನು ಮೂರು ತಿಂಗಳು ಬೈಕಿನಿಂದ ದೂರವಿಟ್ಟು, ಗೂಡ್ಸ್ ಗಾಡಿ ಓಡಿಸಲು ಬಿಡುವುದಕ್ಕೆ ಕಾಯ್ದೆಯ ಮಾತಿನಲ್ಲಿಯೇ ಎಡೆಯಿದೆ. ‘ಯಾವುದೇ ವರ್ಗದ’ ಎಂಬ ಪದಗಳನ್ನು ಸಂಸತ್ತು ಅಲಂಕಾರಕ್ಕೆಂದು ಬರೆಯಲಿಲ್ಲ. ತಪ್ಪಿಗೆ ತಕ್ಕ ಅಳತೆಯಲ್ಲಿ ಶಿಕ್ಷೆ ಕೊಡಲು ಅಧಿಕಾರಿಗೆ ಅವಕಾಶವಿರಲಿ ಎಂದೇ ಬರೆದಿರಬೇಕು.

ಹಾಗಾದರೆ ಈ ಕಿಟಕಿ ಯಾಕೆ ತೆರೆಯುತ್ತಿಲ್ಲ? ಉತ್ತರ ಸರಳ. ಕೇಳುವವರಿಲ್ಲ. ನೋಟಿಸ್ ಬಂದರೆ ಚಾಲಕನು ಓಡುವುದು ಏಜೆಂಟನ ಬಳಿಗೆ. ಅಹವಾಲಿನ ದಿನ ಕೈಮುಗಿದು ‘ತಪ್ಪಾಯ್ತು ಸಾರ್, ಬಿಟ್ಟುಬಿಡಿ’ ಎನ್ನುತ್ತಾನೆ. ಆ ಅಳಲನ್ನು ಆಧರಿಸಿ ಯಾವ ಅಧಿಕಾರಿಯೂ ಆದೇಶ ಬರೆಯಲಾರ. ಅದರ ಬದಲು ಒಂದು ಪುಟದ ಮನವಿ ಇರಲಿ. ನಾನು ಇಂಥ ವಾಹನದ ಚಾಲಕ, ಇದೇ ನನ್ನ ಜೀವನೋಪಾಯ, ಇದು ನನ್ನ ಮೊದಲ ತಪ್ಪು, ತಪ್ಪು ನಡೆದದ್ದು ದ್ವಿಚಕ್ರ ವಾಹನದಲ್ಲಿ, ಆದ್ದರಿಂದ 19ನೇ ಕಲಮಿನ ಪ್ರಕಾರ ಅನರ್ಹತೆಯನ್ನು ಆ ವರ್ಗಕ್ಕೆ ಮಾತ್ರ ಸೀಮಿತಗೊಳಿಸಿ ಎಂದು ಬರೆಯಲಿ. ಜೊತೆಗೆ ಗಾಡಿಯ ಆರ್.ಸಿ., ಪರ್ಮಿಟ್, ಸಾಲದ ಕಂತಿನ ಪತ್ರ, ಪಡಿತರ ಚೀಟಿಯ ಪ್ರತಿಗಳನ್ನು ಲಗತ್ತಿಸಲಿ. ಮನವಿಯ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಲಿ. ಇದನ್ನು ಒಪ್ಪುವುದು ಬಿಡುವುದು ಅಧಿಕಾರಿಯ ವಿವೇಚನೆ. ಆದರೆ ಲಿಖಿತವಾಗಿ ಕೇಳಿದ್ದನ್ನು ನಿರಾಕರಿಸಬೇಕಾದರೆ ಕಾರಣ ಬರೆಯಬೇಕಾಗುತ್ತದೆ. ಆ ಕಾರಣ ಸರಿಯಲ್ಲವೆಂದಾದರೆ ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಅದೇ ಕಲಂ ಕೊಟ್ಟಿದೆ. ನ್ಯಾಯಾಲಯವೇ ಅನರ್ಹಗೊಳಿಸಿದ್ದರೆ ಆರು ತಿಂಗಳು ಕಳೆದ ಬಳಿಕ ಅದೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ, ಆದೇಶವನ್ನು ರದ್ದುಪಡಿಸಿ ಅಥವಾ ಮಾರ್ಪಡಿಸಿ ಎಂದು ಕೋರಲು 23ನೇ ಕಲಮಿನ ಮೂರನೇ ಉಪಕಲಮಿನಲ್ಲಿ ಅವಕಾಶವಿದೆ. ವಕೀಲರ ಶುಲ್ಕ ಕೊಡಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ ತಾಲೂಕು ಕಾನೂನು ಸೇವಾ ಸಮಿತಿಯನ್ನೋ ಕೇಳಬಹುದು. 15100 ಎಂಬ ಸಹಾಯವಾಣಿಯೂ ಇದೆ.

ಇನ್ನೊಂದು ವಿಷಯ ಮರೆಯಬಾರದು. ಮೊದಲ ಸಲ ಅನರ್ಹಗೊಂಡವನಿಗೆ ಮೂರು ತಿಂಗಳು ಮುಗಿದ ಮಾತ್ರಕ್ಕೆ ಪರವಾನಗಿ ಮರಳುವುದಿಲ್ಲ. ಚಾಲಕರ ಪುನಶ್ಚೇತನ ತರಬೇತಿಯನ್ನು ಪೂರೈಸಿದ ಬಳಿಕವೇ ಅದನ್ನು ಹಿಂದಿರುಗಿಸಬೇಕೆಂದು 2019ರ ತಿದ್ದುಪಡಿ ಹೇಳಿದೆ. ಹಾಗಾಗಿ ತರಬೇತಿ ಎಲ್ಲಿ, ಯಾವಾಗ ಎಂಬುದನ್ನು ಮೊದಲ ತಿಂಗಳಲ್ಲಿಯೇ ವಿಚಾರಿಸಿಕೊಳ್ಳಬೇಕು. ಇಲ್ಲದಿದ್ದರೆ ಮೂರು ತಿಂಗಳು ನಾಲ್ಕಾಗುತ್ತದೆ, ಐದಾಗುತ್ತದೆ. ಎರಡನೇ ಬಾರಿ ಸಿಕ್ಕಿಬಿದ್ದರಂತೂ ಪರವಾನಗಿಯೇ ರದ್ದಾಗುತ್ತದೆ.

ಈಗ ಕಹಿಯಾದ ಮಾತೊಂದನ್ನು ಹೇಳಲೇಬೇಕು. ನಮ್ಮ ಚಾಲಕರಲ್ಲಿ ಅನೇಕರು ಈ ಯಾವ ದಾರಿಯನ್ನೂ ಹಿಡಿಯುವುದಿಲ್ಲ. ಅವರು ಹಿಡಿಯುವುದು ಮೂರನೆಯದೊಂದು ದಾರಿ. ಸುಮ್ಮನೆ ಗಾಡಿ ಓಡಿಸುವುದು. ‘ರಾತ್ರಿ ಯಾರು ನೋಡುತ್ತಾರೆ?’ ‘ಮೊಬೈಲಿನಲ್ಲಿ ಲೈಸೆನ್ಸಿನ ಪ್ರತಿ ಇದೆಯಲ್ಲ?’ ಕೆಲವರಂತೂ ಕಾರ್ಡು ಕಳೆದುಹೋಗಿದೆಯೆಂದು ಸುಳ್ಳು ಹೇಳಿ ನಕಲು ಪ್ರತಿ ಪಡೆಯಲು ಏಜೆಂಟರಿಗೆ ಹಣ ಕೊಡುತ್ತಾರೆ. ಪರವಾನಗಿಯ ದಾಖಲೆಯಿರುವುದು ಇಂದು ಕಾರ್ಡಿನಲ್ಲಲ್ಲ, ‘ಸಾರಥಿ’ ಎಂಬ ಸರ್ಕಾರದ ಗಣಕ ವ್ಯವಸ್ಥೆಯಲ್ಲಿ. ಹಾಗಾಗಿ ಕಾರ್ಡಿನ ಪ್ರತಿಯಾಗಲಿ ಮೊಬೈಲಿನ ಚಿತ್ರವಾಗಲಿ ರಕ್ಷಣೆಯಾಗದು. ಅನರ್ಹತೆಯ ಅವಧಿಯಲ್ಲಿ ಓಡಿಸಿ ಸಿಕ್ಕಿಬಿದ್ದರೆ 182ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಸುಳ್ಳು ಹೇಳಿ ಪಡೆದ ಪರವಾನಗಿಯನ್ನು ರದ್ದುಪಡಿಸಲು ಆ ಸುಳ್ಳೇ ಸಾಕು.

ಆದರೆ ನಿಜವಾದ ಅಪಾಯ ಇದ್ಯಾವುದೂ ಅಲ್ಲ. ಆ ಅವಧಿಯಲ್ಲಿ ಅಪಘಾತವಾದರೆ ಏನಾಗುತ್ತದೆ? ಅನರ್ಹಗೊಂಡವನು ಓಡಿಸುತ್ತಿದ್ದನೆಂಬುದು ವಿಮಾ ಕಂಪನಿಯ ಕೈಗೆ ಸಿಗುವ ಬಲವಾದ ಆಯುಧ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿವರಿಸಿದ ತತ್ವದಂತೆ ಸಂತ್ರಸ್ತನ ಕುಟುಂಬಕ್ಕೆ ಕಂಪನಿಯಿಂದ ಪರಿಹಾರ ಕೊಡಿಸಿದರೂ ಆ ಹಣವನ್ನು ಕಂಪನಿಯು ಬಳಿಕ ವಾಹನದ ಮಾಲೀಕನಿಂದ ವಸೂಲು ಮಾಡಬಹುದು. ತಾನೇ ಮಾಲೀಕ, ತಾನೇ ಚಾಲಕ, ತನ್ನ ಪರವಾನಗಿ ಇಲ್ಲವೆಂಬುದು ತನಗೆ ಚೆನ್ನಾಗಿ ಗೊತ್ತು. ಅಂಥವನಿಗೆ ‘ನನಗೆ ತಿಳಿದಿರಲಿಲ್ಲ’ ಎನ್ನುವ ನೆಪವೂ ಇಲ್ಲ. ಮೂರು ತಿಂಗಳ ಬಾಡಿಗೆ ಉಳಿಸಲು ಹೋಗಿ ಅಜ್ಜ ಕಟ್ಟಿಸಿದ ಮನೆಯನ್ನು ಕಳೆದುಕೊಳ್ಳುವ ವ್ಯಾಪಾರವಿದು. ಇದನ್ನು ಬಡತನದ ಹೆಸರಿನಲ್ಲಿ ಸಮರ್ಥಿಸಲಾಗದು. ಗಾಡಿಯ ಮುಂದೆ ಬಿದ್ದು ಸತ್ತವನೂ ಬಡವನೇ ಆಗಿರಬಹುದು. ಅವನಿಗೂ ಮಕ್ಕಳಿರುತ್ತಾರೆ.

ಆದ್ದರಿಂದ ನಮ್ಮ ಬೇಡಿಕೆ ವಿನಾಯಿತಿಯದ್ದಾಗಬಾರದು. ಅದು ನ್ಯಾಯಸಮ್ಮತವಾದ ವ್ಯವಸ್ಥೆಯ ಬೇಡಿಕೆಯಾಗಬೇಕು. ಸರ್ಕಾರ ಮನಸ್ಸು ಮಾಡಿದರೆ ಹೊಸ ಕಾನೂನಿಗಾಗಿ ಕಾಯದೆಯೇ ಕೆಲವು ಕೆಲಸಗಳನ್ನು ಮಾಡಬಹುದು. ಪರವಾನಗಿ ವಶಪಡಿಸಿಕೊಂಡ ಇಂತಿಷ್ಟು ದಿನಗಳೊಳಗೆ ಅಹವಾಲು ಆಲಿಸಬೇಕೆಂದು ಸಾರಿಗೆ ಇಲಾಖೆಯು ಸುತ್ತೋಲೆ ಹೊರಡಿಸಲಿ. ಆ ಅಹವಾಲಿಗೆ ಹಳ್ಳಿಯವರು ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಾಗದಂತೆ ತಾಲೂಕು ಕೇಂದ್ರಗಳಲ್ಲಿ ವಾರಕ್ಕೊಂದು ದಿನ ನಿಗದಿಯಾಗಲಿ. ವಶಪಡಿಸಿಕೊಂಡ ದಿನದಿಂದ ಆದೇಶದ ದಿನದವರೆಗೆ ಗಾಡಿ ನಿಂತ ದಿನಗಳನ್ನು ಮೂರು ತಿಂಗಳ ಲೆಕ್ಕದಲ್ಲಿ ಸೇರಿಸಿಕೊಳ್ಳಲಿ. ಸ್ವೀಕೃತಿ ಚೀಟಿಯ ಮೇಲೆ ‘ಈ ಚೀಟಿ ಹಿಡಿದು ವಾಹನ ಓಡಿಸುವಂತಿಲ್ಲ’ ಎಂದೂ, ‘ನಿಮಗೆ ಅಹವಾಲು ಸಲ್ಲಿಸುವ ಹಕ್ಕಿದೆ’ ಎಂದೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಮುದ್ರಿಸಲಿ. ಜೀವನೋಪಾಯಕ್ಕಾಗಿ ವಾಹನ ಓಡಿಸುವವನ ಆದೇಶ ಬರೆಯುವಾಗ ‘ಎಲ್ಲ ಅಥವಾ ಯಾವುದೇ ವರ್ಗ’ ಎಂಬ ಮಾತನ್ನು ಪರಿಶೀಲಿಸಲೇಬೇಕೆಂದು ಅಧಿಕಾರಿಗಳಿಗೆ ಸೂಚಿಸಲಿ.

ಇನ್ನು ಸಂಸತ್ತು ಮಾಡಬೇಕಾದ ಕೆಲಸವೊಂದಿದೆ. ವರ್ಗದ ಕಿಟಕಿ ಎಲ್ಲರಿಗೂ ಉಪಯೋಗಕ್ಕೆ ಬರುವುದಿಲ್ಲ. ತನ್ನ ಗೂಡ್ಸ್ ಗಾಡಿಯಲ್ಲಿಯೇ ವೇಗದ ಮಿತಿಯನ್ನು ತುಸು ಮೀರಿದವನಿಗೆ ಅದರಿಂದ ಪ್ರಯೋಜನವಿಲ್ಲ. ಅಂಥವನಿಗಾಗಿ ನ್ಯಾಯಾಲಯದ ಮೂಲಕ ಷರತ್ತುಬದ್ಧ ಪರವಾನಗಿ ನೀಡುವ ಕಲಂ ಒಂದನ್ನು ಕಾಯ್ದೆಗೆ ಸೇರಿಸಬೇಕು. ನಿಗದಿತ ವಾಹನ, ನಿಗದಿತ ಹಾದಿ, ನಿಗದಿತ ಗಂಟೆ. ಮೊದಲ ತಪ್ಪಿಗೆ ಮಾತ್ರ. ಷರತ್ತು ಮೀರಿದರೆ ನೇರ ರದ್ದು. ಕುಡಿದು ಓಡಿಸಿದವನಿಗೆ, ಡಿಕ್ಕಿ ಹೊಡೆದು ಗಾಯಾಳುವನ್ನು ರಸ್ತೆಯಲ್ಲಿ ಬಿಟ್ಟು ಓಡಿದವನಿಗೆ, ಪ್ರಾಣ ತೆಗೆದವನಿಗೆ ಈ ಬಾಗಿಲು ತೆರೆಯಕೂಡದು. ಕುಡಿದು ಓಡಿಸಿ ಶಿಕ್ಷೆಗೊಳಗಾದವನನ್ನು ಕನಿಷ್ಠ ಆರು ತಿಂಗಳು ಅನರ್ಹಗೊಳಿಸಬೇಕೆಂದು 20ನೇ ಕಲಂ ಹೇಳುತ್ತದೆ. ಅದು ಹಾಗೆಯೇ ಇರಲಿ. ದಯೆಗೂ ಒಂದು ಗಡಿಯಿರಬೇಕು. ಗಡಿಯಿಲ್ಲದ ದಯೆಯು ಇನ್ನೊಬ್ಬರ ಮೇಲೆ ಮಾಡುವ ಅನ್ಯಾಯವಾಗುತ್ತದೆ.

‘ಇದರಿಂದ ಕಾನೂನಿನ ಭಯ ಹೋಗುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಯೋಗ್ಯವಾದದ್ದೇ. ಆದರೆ ಇಂದು ಭಯ ಉಳಿದಿದೆಯೇ ಎಂಬುದನ್ನೂ ಕೇಳಬೇಕು. ಪಾಲಿಸಲಾಗದ ಶಿಕ್ಷೆಯನ್ನು ವಿಧಿಸಿದಾಗ ಮನುಷ್ಯ ಅದನ್ನು ಕದ್ದು ಮುರಿಯುತ್ತಾನೆ. ಒಮ್ಮೆ ಕದ್ದು ಮುರಿದವನಿಗೆ ಎರಡನೇ ಸಲ ಅಳುಕಿರುವುದಿಲ್ಲ. ಪರವಾನಗಿಯಿಲ್ಲದೆ ರಾತ್ರಿ ಕದ್ದು ಗಾಡಿ ಓಡಿಸುವವನು ಪೊಲೀಸರನ್ನು ಕಂಡರೆ ವೇಗ ಹೆಚ್ಚಿಸುತ್ತಾನೆ, ಅಪಘಾತವಾದರೆ ನಿಲ್ಲುವುದಿಲ್ಲ. ಷರತ್ತಿನ ಪರವಾನಗಿ ಕೈಯಲ್ಲಿರುವವನಾದರೋ ಅದನ್ನು ಕಳೆದುಕೊಳ್ಳುವ ಅಂಜಿಕೆಯಿಂದಲೇ ಎಚ್ಚರವಾಗಿರುತ್ತಾನೆ. ರಸ್ತೆಗೆ ಯಾರು ಹೆಚ್ಚು ಸುರಕ್ಷಿತ? ಉತ್ತರವನ್ನು ಓದುಗರ ವಿವೇಚನೆಗೆ ಬಿಡೋಣ.

ಕೊನೆಯದಾಗಿ ನಮ್ಮ ಮನೆಗಳ ಕಡೆಗೂ ಒಮ್ಮೆ ತಿರುಗಿ ನೋಡಬೇಕಾಗಿದೆ. ಸರ್ಕಾರದ ತಪ್ಪುಗಳನ್ನು ಪಟ್ಟಿಮಾಡುವುದರಲ್ಲಿ ನಾವು ಜಾಣರು. ಆದರೆ ಹದಿನಾರು ವರ್ಷದ ಮಗನ ಕೈಗೆ ಸ್ಕೂಟರಿನ ಕೀಲಿ ಕೊಡುವವರು ಯಾರು? 199ಎ ಕಲಂ ಪ್ರಕಾರ ಬಾಲಕನು ವಾಹನದಿಂದ ಅಪರಾಧವೆಸಗಿದರೆ ಹೆತ್ತವರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗೆ ಜೈಲು. ವಾಹನದ ನೋಂದಣಿ 12 ತಿಂಗಳು ರದ್ದು. ಎಲ್ಲಕ್ಕಿಂತ ಮಿಗಿಲಾಗಿ ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯೇ ಸಿಗದು. ಬಡ ಕುಟುಂಬದ ಹುಡುಗನೊಬ್ಬನಿಗೆ ಇದರರ್ಥವೇನು? ಇಪ್ಪತ್ತರಲ್ಲಿ ಆಟೋ ಹಿಡಿದು ಮನೆಗೆ ಆಸರೆಯಾಗಬಹುದಾಗಿದ್ದವನು ಐದು ವರ್ಷ ಕೈಕಟ್ಟಿ ಕೂರಬೇಕಾಗುತ್ತದೆ. ಮುದ್ದಿನಿಂದ ಕೊಟ್ಟ ಕೀಲಿಯೊಂದು ಅವನ ಯೌವನದ ಬಾಗಿಲಿಗೇ ಬೀಗ ಹಾಕುತ್ತದೆ.

ಮೈಸೂರಿನ ಮಂಡಿ ಮೊಹಲ್ಲಾದಿಂದ ರಾಜೀವನಗರದವರೆಗೆ, ತಾಲೂಕುಗಳ ಸಣ್ಣ ಪಟ್ಟಣಗಳಲ್ಲಿಯೂ, ಚಾಲಕ ವೃತ್ತಿಯನ್ನೇ ನಂಬಿದ ಕುಟುಂಬಗಳು ಸಾಕಷ್ಟಿವೆ. ಮಹಲ್ಲಾ ಜಮಾಅತ್‌ಗಳು ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿಕೊಡುತ್ತವೆ, ಪಡಿತರ ಚೀಟಿಯ ತಿದ್ದುಪಡಿಗೆ ನೆರವಾಗುತ್ತವೆ. ಅದೇ ಮೇಜಿನಲ್ಲಿ ತಿಂಗಳಿಗೊಂದು ದಿನ ಒಬ್ಬ ಯುವ ವಕೀಲ ಕುಳಿತು ಚಾಲಕರಿಗೆ ಅಹವಾಲಿನ ಮನವಿ ಬರೆದುಕೊಡಬಾರದೇಕೆ? ಬೈತುಲ್ ಮಾಲ್ ಇರುವ ಊರುಗಳಲ್ಲಿ, ಗಾಡಿ ನಿಂತ ಮೂರು ತಿಂಗಳ ಕಂತಿಗೆ ಬಡ್ಡಿರಹಿತ ಸಾಲ ಕೊಟ್ಟು ಒಂದು ಕುಟುಂಬವನ್ನು ಲೇವಾದೇವಿಯವನ ಬಾಗಿಲಿನಿಂದ ತಪ್ಪಿಸಬಾರದೇಕೆ? ಈ ಮೇಜು ಮಹಲ್ಲಾದವರಿಗೆ ಮಾತ್ರವೆಂಬ ಕಟ್ಟಳೆಯೂ ಬೇಡ. ಪಕ್ಕದ ಬೀದಿಯ ಆಟೋ ಚಾಲಕನ ಜಾತಿ ಧರ್ಮ ಯಾವುದೇ ಇರಲಿ, ಅವನ ಕಂತಿನ ದಿನಾಂಕವೂ ನಮ್ಮವನ ಕಂತಿನ ದಿನಾಂಕವೂ ಒಂದೇ.

ಚಹಾದ ಅಂಗಡಿಯಲ್ಲಿ ಸಿಕ್ಕ ಆ ಚಾಲಕರು ಹೊರಡುವ ಮುನ್ನ ಚೀಟಿಯನ್ನು ಮತ್ತೆ ಮಡಿಚಿ ಜೇಬಿನಲ್ಲಿಟ್ಟುಕೊಂಡರು. ‘ಅರ್ಜಿ ಬರೆದು ಕೇಳಬಹುದು ಅಂತ ಯಾರೂ ಹೇಳಲಿಲ್ಲ ಭಾಯ್’ ಎಂದರು. ಹೇಳಬೇಕಾದದ್ದು ಯಾರು? ಚೀಟಿ ಕೊಟ್ಟವರು ಹೇಳಲಿಲ್ಲ, ಏಜೆಂಟರು ಹೇಳಲಿಲ್ಲ, ಓದುಬರಹ ಬಲ್ಲ ನಾವೂ ಹೇಳಲಿಲ್ಲ. ಈ ವಾರ ನಿಮ್ಮ ಬೀದಿಯಲ್ಲಿ ಗಾಡಿ ನಿಂತಿರುವ ಮನೆಯೊಂದಿದ್ದರೆ ದಯವಿಟ್ಟು ನೀವು ಹೋಗಿ ಹೇಳಿ.